ಹೊಳೆಯ ನಕ್ಷೆಯಲ್ಲಿಲ್ಲದ ಊರು

ಹಾಲಗುಂಡಿ ಕಡವಿನ ಜೋಪಡಿಯಲ್ಲಿ ದಾದಾಪೀರ ಹೊಳೆಯ ನಕ್ಷೆಯೊಂದನ್ನು ತೂಗುಹಾಕಿಸಿದ್ದಾನೆಂಬ ಸುದ್ದಿಯನ್ನು ಬನ್ನಿಕಟ್ಟಿಗೆ ತಂದವಳು ಮೊಸರು ಮಾರುವ ತಿಪ್ಪವ್ವ. ಖಾಲಿ ಗಡಿಗೆಯನ್ನು ಗದಿಗೆವ್ವನ ಮನೆಯ ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಅಲ್ಲೇ ಕುಳಿತಳು. ಕುಳಿತವಳೇ ಹೇಳಿದಳು.

"ಯಕ್ಕಾ, ದಂಡಿ ಮ್ಯಾಲಿನ ಊರೆಲ್ಲಾ ಅದರಾಗ ಅದಾವಂತ. ನಮ್ಮೂರೊಂದ ಇಲ್ಲಂತ."

ಗದಿಗೆವ್ವ ಜೋಳ ಕೇರುತ್ತಿದ್ದ ಮೊರ ನಿಲ್ಲಿಸಿದಳು. ಯಾರು ಓದಿ ಹೇಳಿದರು ಎಂದು ಕೇಳಿದಳು. ಓದು ಬಂದವರೆಲ್ಲ ಓದಿದ್ದರಂತೆ. ಒಬ್ಬರಿಗೂ ಬನ್ನಿಕಟ್ಟಿ ಸಿಕ್ಕಿರಲಿಲ್ಲವಂತೆ. ಹಾಲಗುಂಡಿ ಆದ ಮೇಲೆ ಬರೀ ನೀರು, ನೀರು ಮುಗಿದ ಮೇಲೆ ಮುಂದಿನ ಊರು.

ಅದು ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಎರಡು ಮೂರು ಮಳೆಗಾಲ ಕಳೆದಿದ್ದ ಕಾಲ. ಈ ದಂಡೆ ಮುಂಬಯಿ ರಾಜ್ಯಕ್ಕೆ, ಆ ದಂಡೆ ಮೈಸೂರಿಗೆ ಸೇರಿತ್ತು. ಎರಡನ್ನೂ ಕೂಡಿಸಿ ಕನ್ನಡದವರಿಗೆಲ್ಲ ಒಂದೇ ರಾಜ್ಯ ಮಾಡುತ್ತಾರೆ ಎಂಬ ಮಾತು ಗದಗಿನ ಕಡೆಯಿಂದ ಬಂದವರ ಬಾಯಲ್ಲಿ ಕೇಳಿಬರುತ್ತಿತ್ತು. ಹೊಳೆಯ ದಂಡೆಯ ಊರುಗಳಲ್ಲಿ ಮಾತ್ರ ಜನ ಬೆಳಿಗ್ಗೆ ಎದ್ದವರೇ ನೋಡುತ್ತಿದ್ದುದು ನೀರು ಎಲ್ಲಿಯವರೆಗೆ ಬಂದಿದೆ ಎಂಬುದನ್ನು. ಖಾಕಿ ಚಡ್ಡಿಯವನೊಬ್ಬ ಹೊಲದ ಬದುವಿನ ಮೇಲೆ ನಿಂತು ಸುಮ್ಮನೆ ಬೀಡಿ ಸೇದಿದರೂ ಸಾಕು, ಸಂಜೆಯ ಹೊತ್ತಿಗೆ ಆ ಹೊಲ ಮುಳುಗುವ ಹೊಲವಾಗುತ್ತಿತ್ತು.

ಗದಿಗೆವ್ವನಿಗೆ ಉಳಿದವರಿಗಿಂತ ಹೆಚ್ಚು ಸಂಶಯ ಬರಲು ಕಾರಣವಿತ್ತು. ಅವಳ ತವರು ಕಂಚಿಹಾಳ, ಹೊಳೆಯ ಕೆಳಗಿನ ಪಾತ್ರದಲ್ಲಿತ್ತು. ಅಣೆಕಟ್ಟಿನ ಅಳತೆಯವರು ಬಂದಾಗ ಅವಳ ತಂದೆ ಅವರಿಗೆ ಮಜ್ಜಿಗೆ ಕೊಟ್ಟು, ನೀರು ಇಲ್ಲಿಗೆ ಬರುತ್ತದೆಯೇ ಎಂದು ಕೇಳಿದ್ದ. ಬರುವುದಿಲ್ಲ ಅಜ್ಜಾ, ನಿಶ್ಚಿಂತೆ ಇರು ಎಂದು ಹೇಳಿ, ಮಜ್ಜಿಗೆ ಕುಡಿದು ಹೋಗಿದ್ದರು. ಮೊದಲ ವರ್ಷದ ನೀರಿಗೇ ಅಡುಗೆಮನೆ ಹೋಯಿತು. ಅಂದಿನಿಂದ ಯಾರು ಏನೇ ಹೇಳಲಿ, ಗದಿಗೆವ್ವ ಆ ಮಾತನ್ನು ತಿರುವಿ ನೋಡದೆ ಒಳಗೆ ಬಿಟ್ಟುಕೊಂಡವಳಲ್ಲ.

ಈಗಂತೂ ಮಗ ಅಂದಾನಪ್ಪನ ಲಗ್ನ ಗಟ್ಟಿಯಾಗಿತ್ತು. ಆಚೆ ದಂಡೆಯ ಕೆಂಚನಕೇರಿಯ ಸಾವಿತ್ರೆವ್ವನ ಮಗಳು ರೇಣುಕವ್ವ. ಗಂಡನಿಲ್ಲದ ಮನೆಯನ್ನು ಹೊಲ, ದನ, ಮಗ ಎಂದು ಎಳೆದುಕೊಂಡು ಬಂದ ಗದಿಗೆವ್ವನಿಗೆ ಆ ಹುಡುಗಿ ಮನೆ ತುಂಬುವುದೊಂದೇ ಉಳಿದಿದ್ದ ಆಸೆ. ಮುಳುಗುವ ಊರಿಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

ಮರುದಿನ ಅವಳೇ ಹಾಲಗುಂಡಿಗೆ ನಡೆದಳು.

ನಕ್ಷೆ ಬರೆದ ದತ್ತಾತ್ರಿ ಮಾಸ್ತರು ಜೋಪಡಿಯಲ್ಲೇ ಇದ್ದರು. ಗದಗಿನಲ್ಲಿ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿ ನಿವೃತ್ತರಾದವರು. ಬೆಟಗೇರಿಯ ನೇಕಾರರಿಗೆ ಸೀರೆಯಂಚಿನ ನಮೂನೆ ಬರೆದುಕೊಡುತ್ತಿದ್ದವರು. ಮುಂಡರಗಿಯ ದಾದಾಪೀರ ಅವರನ್ನು ಕರೆತಂದದ್ದಕ್ಕೆ ಕಾರಣವಿತ್ತು. ಅಷ್ಟುದ್ದ ಹೊಳೆಯಲ್ಲಿ ಹರಿಗೋಲು ಹತ್ತಿಸಿ ಇಳಿಸುವ ಕಡವುಗಳೆಲ್ಲ ಅವನ ಗುತ್ತಿಗೆ. ನೀರು ನಿಂತ ಮೇಲೆ ಹೊಳೆಯ ಚಹರೆಯೇ ಬದಲಾಗಿ, ಹಳೆಯ ಅಂಬಿಗರಲ್ಲಿ ಅರ್ಧ ಜನ ಊರು ಬಿಟ್ಟಿದ್ದರು. ಹೊಸಬರು ಬೇರೆ ಹೊಳೆಗಳಲ್ಲಿ ಹುಟ್ಟು ಹಾಕಿ ಬಂದವರು. ಅವರಿಗೆ ಯಾವ ಕಡವು ಬೇಸಿಗೆಯಲ್ಲೂ ನಡೆಯುತ್ತದೆ, ಯಾವುದು ಮಳೆಗಾಲಕ್ಕೆ ಮಾತ್ರ, ಎಲ್ಲಿ ಸುಳಿ, ಎಲ್ಲಿ ಬಂಡೆ ಎಂಬುದನ್ನು ಒಂದೇ ನೋಟಕ್ಕೆ ತೋರಿಸುವ ಹಾಳೆ ಬೇಕಿತ್ತು.

ಮಾಸ್ತರು ಮೊದಲು ಹೊಳೆಯನ್ನು ಇದ್ದಂತೆಯೇ ಬರೆದಿದ್ದರು. ಒಂದೊಂದು ತಿರುವು, ಕಪ್ಪತಗುಡ್ಡದ ಸಾಲು, ಬಂಡಿದಾರಿ, ಗುಡಿ, ಊರು ಎಲ್ಲ ಇದ್ದ ಆ ಹಾಳೆ ನೋಡಲು ಚೆಂದವಿತ್ತು. ಆದರೆ ಅದನ್ನು ಹಿಡಿದು ಹರಿಗೋಲಿನಲ್ಲಿ ಕುಳಿತಾಗ ಬೇಕಾದ್ದನ್ನು ಹುಡುಕುವಷ್ಟರಲ್ಲಿ ಹರಿಗೋಲು ಒಂದು ಸುತ್ತು ತಿರುಗಿಬಿಡುತ್ತಿತ್ತು. ಅವರು ಅದನ್ನು ಸುತ್ತಿಟ್ಟು, ಸೀರೆಯಂಚು ಬರೆಯುವ ರೀತಿಯಲ್ಲೇ ಮತ್ತೆ ಬರೆದರು. ಹೊಳೆಯನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಒಂದು ನೀಲಿ ಪಟ್ಟಿ ಮಾಡಿದರು. ದೂರದ್ದು ಹತ್ತಿರದ್ದು ಎನ್ನದೆ ಕಡವುಗಳನ್ನು ಸಮಸಮನಾಗಿ ಇಟ್ಟರು. ಸದಾ ನಡೆಯುವ ಕಡವಿಗೆ ತುಂಬಿದ ಚುಕ್ಕೆ, ಮಳೆಗಾಲದ್ದಕ್ಕೆ ಖಾಲಿ ಬಳೆ, ಬಂಡೆಗೆ ಮೂಲೆಗಲ್ಲಿನಂಥ ಕರಿಯ ಚೌಕ. ನೀರಿನಲ್ಲಿ ಕುಳಿತವನಿಗೆ ಬೇಡವಾದದ್ದನ್ನೆಲ್ಲ ಬಿಟ್ಟರು.

ಗದಿಗೆವ್ವ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿಸಿದಳು. ಮಾಸ್ತರು ಬೆರಳಿಟ್ಟು ಓದಿದರು. ಕೆಳಗೆ ಬಂದಾಗ ಕಂಚಿಹಾಳ ಎಂಬ ಹೆಸರು ಕಿವಿಗೆ ಬಿದ್ದೊಡನೆ ಅವಳು ಓದನ್ನು ತಡೆದಳು.

ಮುಳುಗಿದ ಊರಿನ ಹೆಸರು ಬರೆದು, ಬದುಕಿರುವ ಊರನ್ನು ಯಾಕೆ ಬಿಟ್ಟಿರಿ ಎಂದು ಕೇಳಿದಳು. ಕಂಚಿಹಾಳದ ಗೋಡೆಗಳು ನೀರಿನಡಿ ನಿಂತಿವೆ, ಹರಿಗೋಲಿನ ತೊಗಲು ಹರಿಯುತ್ತದೆ, ಅದಕ್ಕೇ ಚುಕ್ಕೆ ಇಡದೆ ಹೆಸರಷ್ಟೇ ಬರೆದದ್ದು ಎಂದು ಮಾಸ್ತರು ಸಮಾಧಾನದಿಂದ ಹೇಳಿದರು. ಬನ್ನಿಕಟ್ಟಿಯ ಕೆಳಗೆ ಹಾಸುಬಂಡೆ ಇದೆ, ಅಲ್ಲಿ ಹರಿಗೋಲು ಹತ್ತುವ ಹಾಗಿಲ್ಲ. ಕಡವಿಲ್ಲದ ಊರನ್ನು ಬಿಟ್ಟಿದ್ದೇನೆ, ಬೇರೇನಿಲ್ಲ.

ಗದಿಗೆವ್ವ ಹಾಳೆಯ ನಡುವೆ ಬರೆದಿದ್ದ ಹಸಿರು ಗುರುತೊಂದನ್ನು ತೋರಿಸಿ ಇದೇನು ಎಂದಳು. ದಂಡೆಯ ಅರಳಿಮರ, ಅದನ್ನು ಕಂಡ ಕೂಡಲೇ ಅಂಬಿಗರು ಬಲಕ್ಕೆ ತಿರುಗಬೇಕು ಎಂದರು.

"ಅಲ್ರಿ ಮಾಸ್ತರ, ಒಂದು ಗಿಡಕ್ಕ ಜಾಗಾ ಸಿಕ್ತು, ಒಂದು ಊರಿಗೆ ಸಿಗಲಿಲ್ಲಾ?"

ಜೋಪಡಿಯಲ್ಲಿದ್ದವರು ನಕ್ಕರು. ಮಾಸ್ತರು ನಗಲಿಲ್ಲ. ಅವರ ಸಮಾಧಾನವೇ ಗದಿಗೆವ್ವನಿಗೆ ಸರಿ ಕಾಣಲಿಲ್ಲ. ಸುಳ್ಳು ಹೇಳುವವನು ಒರಟಾಗಿದ್ದರೆ ಜಗಳವಾದರೂ ಆಡಬಹುದು. ಈ ಮನುಷ್ಯ ಮಜ್ಜಿಗೆ ಕುಡಿದು ಹೋದ ಅಳತೆಯವನಷ್ಟೇ ಮೆತ್ತಗಿದ್ದ.

ಊರಿಗೆ ಬಂದವಳು ಸುಮ್ಮನೆ ಕೂಡಲಿಲ್ಲ. ಅಂಗಳದ ಹಗೇವಿನ ಬಾಯಿ ತೆಗೆಸಿದಳು. ಹಗೇವು ಎಂದರೆ ನೆಲದೊಳಗೆ ಗಡಿಗೆಯ ಹಾಗೆ ತೋಡಿದ ಕಾಳಿನ ಗುಂಡಿ; ಮೇಲೆ ಒಬ್ಬ ಇಳಿಯುವಷ್ಟು ಬಾಯಿ, ಕೆಳಗೆ ಒಂದು ಕೋಣೆಯಷ್ಟು ಹೊಟ್ಟೆ. ಸುಗ್ಗಿಯ ಜೋಳವನ್ನು ಅದರೊಳಗೆ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಮ್ಮೆ ಬಾಯಿ ತೆಗೆದರೆ ಗಾಳಿಯಾಡಿ ಕಾಳು ಕೆಡುತ್ತದೆ. ತೆಗೆದ ಮೇಲೆ ಎಲ್ಲವನ್ನೂ ಹೊರಗೆ ತೆಗೆಯಲೇಬೇಕು. ಊರು ಮುಳುಗಬೇಕಾದ್ದೂ ಇಲ್ಲ, ನೆಲದೊಳಗೆ ಜವಳಿನ ತೇವ ಏರಿದರೆ ಸಾಕು, ವರ್ಷದ ಅನ್ನ ಗೊಬ್ಬರವಾಗುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಹುಳ ಬಿದ್ದಿದೆ ಎಂದು ಓಣಿಯವರಿಗೆ ಹೇಳಿ, ಜೋಳವನ್ನೆಲ್ಲ ಚೀಲಕ್ಕೆ ತುಂಬಿಸಿ, ಡಂಬಳದಲ್ಲಿದ್ದ ತಂಗಿಯ ಮನೆಗೆ ಚಕ್ಕಡಿ ಕಟ್ಟಿಸಿ ಕಳಿಸಿದಳು. ಖಾಲಿ ಹಗೇವಿಗೆ ಮತ್ತೆ ಚಪ್ಪಡಿ ಎಳೆದು ಮಣ್ಣು ಮೆತ್ತಿದಳು.

ಅಂದಾನಪ್ಪನಿಗೆ ಅದು ಹಿಡಿಸಲಿಲ್ಲ. ಎತ್ತು ಹೂಡುತ್ತಲೇ ಗೊಣಗಿದ. ಊರಿಗೆ ಏನೂ ಆಗುವುದಿಲ್ಲ ಎಂದು ಬೀಗರಿಗೆ ಹೇಳಿಕಳಿಸುವವಳೂ ಇವಳೇ, ಕಾಳು ಸಾಗಿಸುವವಳೂ ಇವಳೇ ಎಂದ. ಗದಿಗೆವ್ವ, ಬೀಗರಿಗೆ ಹೇಳುವುದು ಬೇರೆ, ಹೊಟ್ಟೆಗೆ ಹೇಳುವುದು ಬೇರೆ ಎಂದು ಮಾತು ಮುಗಿಸಿದಳು.

ಹುಳದ ಮಾತನ್ನು ಓಣಿ ನಂಬಲಿಲ್ಲ. ಗದಿಗೆವ್ವನಂಥ ಗಟ್ಟಿ ಹೆಂಗಸೇ ಹಗೇವು ತೆಗೆದಳೆಂದರೆ ಅವಳಿಗೆ ಏನೋ ತಿಳಿದಿರಬೇಕು ಎಂದು ಇನ್ನಿಬ್ಬರು ತೆಗೆದರು. ಚಾವಣಿಗೆ ಮಣ್ಣು ಹಾಕಿಸಬೇಕೆಂದಿದ್ದವನು ಕೈಬಿಟ್ಟ. ಒಂದು ಹಾಳೆಯಿಂದ ಹುಟ್ಟಿದ ಅನುಮಾನ ಊರಿನ ಮನೆಮನೆಯಲ್ಲೂ ಕುಳಿತಿತು. ನೀರಿನಾಚೆಗೆ ಅದು ತಲುಪಲು ತಡವಾಗಲಿಲ್ಲ. ಕೆಂಚನಕೇರಿಯಿಂದ ಸಾವಿತ್ರೆವ್ವ ಹೇಳಿಕಳಿಸಿದಳು: ಲಗ್ನದ ಮಾತು ಸದ್ಯಕ್ಕೆ ಹಾಗೇ ಇರಲಿ.

ಗದಿಗೆವ್ವ ಮತ್ತೆ ಕಡವಿಗೆ ಹೋದಳು. ಈ ಸಲ ದಾದಾಪೀರನೂ ಇದ್ದ. ಊರಿನ ಹೆಸರು ಬರೆಯದ ಹೊರತು ಇಲ್ಲಿಂದ ಏಳುವುದಿಲ್ಲ ಎಂದು ಜೋಪಡಿಯ ಬಾಗಿಲಲ್ಲಿ ಕುಳಿತಳು. ಹೋಗುವವರು ಬರುವವರು ಅವಳನ್ನು ದಾಟಿಕೊಂಡು ಓಡಾಡಬೇಕಾಯಿತು. ಒಂದು ಹೆಸರಿಗೆ ಎಷ್ಟು ಶಾಯಿ ಹಿಡಿಯುತ್ತದೆ, ಬರೆದುಬಿಡಿ ಮಾಸ್ತರ್ರೇ ಎಂದು ದಾದಾಪೀರ ಬೇಸರದಿಂದ ಹೇಳಿದ. ಮಾಸ್ತರು ಚುಕ್ಕೆ ಇಡಲು ಮಾತ್ರ ಒಪ್ಪಲಿಲ್ಲ. ಚುಕ್ಕೆ ಕಂಡರೆ ಹೊಸ ಅಂಬಿಗ ಜನರನ್ನು ಕೂಡಿಸಿಕೊಂಡು ನೇರ ಬಂಡೆಗೆ ಹೋಗಿ ಬಡಿಯುತ್ತಾನೆ ಎಂದರು. ನೀಲಿ ಪಟ್ಟಿಯ ಪಕ್ಕದಲ್ಲಿ ಬನ್ನಿಕಟ್ಟಿ ಎಂದಷ್ಟೇ ಬರೆದರು.

ಅಲ್ಲಿಗೆ ಕೆಲಸ ಕೆಟ್ಟಿತು. ಹಾಳೆಯಲ್ಲಿ ಚುಕ್ಕೆಯಿಲ್ಲದ ಹೆಸರು ಅಲ್ಲಿಯವರೆಗೆ ಒಂದೇ ಇತ್ತು, ಕಂಚಿಹಾಳ. ಈಗ ಎರಡಾದವು. ಮರುದಿನ ತಿಪ್ಪವ್ವ ಗಡಿಗೆ ಇಳಿಸುವ ಮೊದಲೇ ಅದನ್ನು ಹೇಳಿದಳು. ಕಡವಿನಲ್ಲಿ ಕುಳಿತವರು ಬೆರಳಿಟ್ಟು ತೋರಿಸುತ್ತಿದ್ದರಂತೆ: ಅದು ಮುಳುಗಿದ್ದು, ಇದು ಮುಳುಗುವುದು. ಗದಿಗೆವ್ವನೇ ಕಡವಿನಲ್ಲಿ ಪಟ್ಟಾಗಿ ಕುಳಿತು ಬರೆಸಿಕೊಂಡು ಬಂದಳಂತೆ ಎಂಬುದೂ ಸೇರಿತ್ತು.

ಅದಾದ ಸ್ವಲ್ಪ ದಿನಕ್ಕೆ ಸಾವಿತ್ರೆವ್ವ ತಾನೇ ಬಂದಳು. ಜೊತೆಗೆ ಯಾರನ್ನೂ ಕರೆತಂದಿರಲಿಲ್ಲ. ಎತ್ತರದ ಹೆಂಗಸು, ಮಾತು ಕಡಿಮೆ, ಕಣ್ಣು ಹೆಚ್ಚು. ಗದಿಗೆವ್ವ ಕೊಟ್ಟ ಬೆಲ್ಲ ನೀರು ಮುಟ್ಟಿ, ಊರು ನೋಡಿ ಬರುತ್ತೇನೆಂದು ಎದ್ದಳು. ಓಣಿಯಲ್ಲಿ ನಡೆಯುತ್ತ ಗೋಡೆಯ ಬುಡಗಳನ್ನು ನೋಡಿದಳು. ಒಂದು ಕಡೆ ಬಗ್ಗಿ ಉಗುರಿನಿಂದ ಕೆರೆದೂ ನೋಡಿದಳು. ಬಾವಿಗೆ ಹೋಗಿ ನೀರು ಎಷ್ಟು ಮೇಲಿದೆ ಎಂದು ಇಣುಕಿದಳು. ಅವಳ ಹಿಂದೆ ಹಿಂದೆ ನಡೆಯುತ್ತಿದ್ದ ಗದಿಗೆವ್ವನಿಗೆ ತನ್ನ ಊರನ್ನೇ ಸಂತೆಯಲ್ಲಿ ನಿಲ್ಲಿಸಿ ಹಲ್ಲು ನೋಡುತ್ತಿದ್ದಾರೆ ಎನ್ನಿಸಿತು. ಊರು ಗಟ್ಟಿ ಇದೆ, ಎಲ್ಲಾ ಸುಳ್ಳು ಸುದ್ದಿ ಎಂದು ದಾರಿಯುದ್ದಕ್ಕೂ ಹೇಳಿದಳು.

ಸಾವಿತ್ರೆವ್ವ ಅಂಗಳಕ್ಕೆ ತಿರುಗಿ ಬಂದು ಹಗೇವಿನ ಚಪ್ಪಡಿಯ ಮುಂದೆ ನಿಂತಳು.

"ಅಕ್ಕಾರ, ಇದನ್ನೊಮ್ಮೆ ತಗಸ್ರಿ."

ಗದಿಗೆವ್ವ ಚಪ್ಪಡಿಗೆ ಅಡ್ಡ ಬಂದಳು. ತೆಗೆದರೆ ಕಾಳೆಲ್ಲ ಹೊರಗೆ ಹಾಕಬೇಕಾಗುತ್ತದೆ, ಸುಮ್ಮನೆ ಯಾಕೆ ಎಂದಳು. ಅದು ತನಗೂ ಗೊತ್ತು, ತಾನೂ ಕೈಹಚ್ಚಿ ತೆಗೆಯುತ್ತೇನೆ ಎಂದಳು ಸಾವಿತ್ರೆವ್ವ. ಒಳಗಿನಿಂದ ಅಂದಾನಪ್ಪ ಬಂದ. ತಾಯಿಯ ಮುಖ ನೋಡಲಿಲ್ಲ. ಹಾರೆ ತಂದು ಮಣ್ಣು ಕೆದರಿ ಚಪ್ಪಡಿ ಎಬ್ಬಿಸಿದ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಎಲ್ಲರೂ ಸರಿದು ನಿಂತರು. ಆಮೇಲೆ ಅವನು ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟ. ದೀಪ ಇಳಿಯಿತು, ಇನ್ನೂ ಇಳಿಯಿತು, ತಳದ ಬರಿಯ ಮಣ್ಣನ್ನು ತೋರಿಸಿತು.

ಸಾವಿತ್ರೆವ್ವ ಮೊಣಕಾಲೂರಿ ನೋಡಿದಳು. ಎದ್ದು ಸೀರೆಯ ಮಣ್ಣು ಕೊಡವಿದಳು. ಬೈಯಲಿಲ್ಲ. ಬೈದಿದ್ದರೆ ಗದಿಗೆವ್ವನಿಗೆ ಹಗುರಾಗುತ್ತಿತ್ತು.

"ಊರ ಗಟ್ಟಿ ಐತಿ ಅಂತ ನನಗ ಹೇಳಿದ್ರಿ. ನಿಮ್ಮ ಜ್ವಾಳಕ್ಕ ಹೇಳಲಿಲ್ಲ."

ಗದಿಗೆವ್ವ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ತವರಿನ ಮಾತು, ಮಜ್ಜಿಗೆಯ ಮಾತು, ಡಂಬಳಕ್ಕೆ ಹೋದ ಚಕ್ಕಡಿಯ ಮಾತು ಎಲ್ಲವನ್ನೂ ಹೇಳಿದಳು. ಹುಡುಗಿಯನ್ನು ಮೋಸದಿಂದ ತಂದುಕೊಳ್ಳುವ ಮನಸ್ಸು ತನಗಿರಲಿಲ್ಲ, ತನಗೇ ಯಾವುದು ಖರೆ ಎಂದು ತಿಳಿಯಲಿಲ್ಲ ಎಂದಳು. ಸಾವಿತ್ರೆವ್ವ ಕೇಳಿಸಿಕೊಂಡಳು. ಹೊರಡುವ ಮುಂಚೆ ತನ್ನ ಮಾತು ಹೇಳಿದಳು. ಜೋಳ ತಿರುಗಿ ಬಂದು ಹಗೇವು ತುಂಬಲಿ. ಈ ಮಳೆಗಾಲದ ತುಂಬು ನೀರು ಹೊಳೆಯಲ್ಲಿ ನಿಂತು ಇಳಿಯುವವರೆಗೂ ಬಾಯಿ ತೆಗೆಯಬಾರದು. ದೀಪಾವಳಿ ಕಳೆದ ಮೇಲೆ ತಾನು ಬಂದು ತೆಗೆಸುತ್ತೇನೆ. ಕಾಳು ಒಣಗಿದ್ದರೆ ಹುಡುಗಿ ನಿಮ್ಮವಳು. ಕೆಟ್ಟಿದ್ದರೆ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ.

ಆಕೆ ಹೋದ ಮೇಲೆ ಗದಿಗೆವ್ವ ಲೆಕ್ಕ ಹಾಕಿದಳು. ವರ್ಷದ ಜೋಳ ನೆಲಕ್ಕೆ ಹಾಕಿ, ಅದು ಕೊಳೆತರೆ ಸೊಸೆಯೂ ಇಲ್ಲ, ರೊಟ್ಟಿಯೂ ಇಲ್ಲ. ಹಾಕದಿದ್ದರೆ ಸೊಸೆಯಂತೂ ಇಲ್ಲವೇ ಇಲ್ಲ.

ಮರುದಿನ ದತ್ತಾತ್ರಿ ಮಾಸ್ತರ ಮುಂದೆ ಹೋಗಿ ನಿಂತಳು. ಈ ಸಲ ಜಗಳಕ್ಕೆ ಬಂದಿಲ್ಲ ಎಂದಳು. ಹಾಳೆ ಬರೆಯುವಾಗ ನೀವು ಎಲ್ಲಿ ನಿಂತು ನಮ್ಮ ಊರನ್ನು ನೋಡಿದಿರೋ ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗಿ. ಮಾಸ್ತರು ಫಕ್ಕೀರಪ್ಪನೆಂಬ ಅಂಬಿಗನನ್ನು ಕೂಗಿದರು. ಗದಿಗೆವ್ವ ಹೊಳೆ ದಾಟಿದ್ದಳೇ ಹೊರತು ಹರಿವಿನ ಗುಂಟ ಎಂದೂ ಇಳಿದವಳಲ್ಲ. ಹರಿಗೋಲು ಬುಗುರಿಯ ಹಾಗೆ ಮೆಲ್ಲಗೆ ಸುತ್ತುತ್ತ ಹೋಯಿತು. ಒಮ್ಮೆ ಈ ದಂಡೆ, ಒಮ್ಮೆ ಆ ದಂಡೆ ಕಣ್ಣ ಮುಂದೆ ಬರುತ್ತಿದ್ದವು. ಎಡವೋ ಬಲವೋ ತಿಳಿಯದಂತಾಗಿ ಅವಳು ಅಂಚನ್ನು ಗಟ್ಟಿಯಾಗಿ ಹಿಡಿದಳು. ಹೊಳೆ ಎಲ್ಲಿ ತಿರುಗಿತು ಎಂಬುದೂ ಗೊತ್ತಾಗಲಿಲ್ಲ. ನೆಟ್ಟಗೇ ಹೋದ ಹಾಗಿತ್ತು.

ಒಂದು ಕಡೆ ಫಕ್ಕೀರಪ್ಪ ಹುಟ್ಟು ಊರಿ ಹರಿಗೋಲು ನಿಲ್ಲಿಸಿದ. ಮುಂದೆ ಆನೆಗಳು ಮಲಗಿದ ಹಾಗೆ ಕರಿಯ ಬಂಡೆ. ಅದರ ಮೇಲೆ ಬರೀ ಆಕಾಶ.

"ಮಾಸ್ತರ, ನಮ್ಮೂರ ಎಲ್ಲೈತ್ರಿ?"

"ಇದರ ಹಿಂದ ಅದ. ಇಲ್ಲಿಂದ ಕಾಣಂಗಿಲ್ಲ. ನಾ ಬರದದ್ದು ಇಲ್ಲೆ ಕೂತವರ ಸಲುವಾಗಿ."

ಗದಿಗೆವ್ವ ಕಣ್ಣು ಕಿರಿದು ಮಾಡಿ ನೋಡಿದಳು. ತನ್ನ ಮನೆಯ ಮಾಳಿಗೆ, ಬನ್ನಿಗಿಡ, ಯಾವುದೂ ಇಲ್ಲ. ಒಂದು ನಾಯಿ ಬೊಗಳುವುದು ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು. ಇಷ್ಟು ವರ್ಷ ಈ ಬಂಡೆಯ ಮೇಲೆ ಅವಳು ಹಪ್ಪಳ ಒಣಗಿಸಿದ್ದಳು. ಕೆಳಗಿನಿಂದ ಅದು ಯಾರದೋ ಊರಿನ ಕೋಟೆಯ ಹಾಗಿತ್ತು. ಬಂಡೆಯ ಬುಡದಲ್ಲಿ ಹೋದ ವರ್ಷದ ತುಂಬು ನೀರು ಬಿಟ್ಟುಹೋದ ಕೆಸರಿನ ಗೆರೆ ಇತ್ತು. ಅದರಿಂದ ಮೇಲಕ್ಕೆ ಇನ್ನೂ ಬಹಳ ಕಲ್ಲು ಉಳಿದಿತ್ತು. ಅವಳು ಆ ಗೆರೆಯನ್ನು ನಂಬಲೂ ತಯಾರಿರಲಿಲ್ಲ. ಫಕ್ಕೀರಪ್ಪನಿಗೆ ಇನ್ನೂ ಹತ್ತಿರ ಹೋಗಲು ಹೇಳಿ, ಕೈಚಾಚಿ ಕೆಸರನ್ನು ಕೆರೆದು, ಬೆರಳಲ್ಲಿ ತಿಕ್ಕಿ ನೋಡಿದಳು.

ಈ ಸಲ ನೀರು ಇದಕ್ಕಿಂತ ಮೇಲೆ ಬರುವುದಿಲ್ಲವೇ ಎಂದು ಕೇಳಿದಳು. ಮಾಸ್ತರು ಕೆಸರಿನ ಗೆರೆಯ ಕಡೆ ತಿರುಗಿದರು.

"ಅದು ನನಗ ಗೊತ್ತಿಲ್ಲವ್ವ. ಹರಿಗೋಲು ಎಲ್ಲಿ ಹಚ್ಚಬೇಕು ಅನ್ನೋದಷ್ಟ ನನಗ ಗೊತ್ತು. ಬರೂದಿಲ್ಲ ಅಂತ ಹೇಳಿದ್ರ ನಾ ಸುಳ್ಳ ಹೇಳಿಧಂಗ ಆಗ್ತದ."

ನೀರಿನ ಮಾತು ಬಂದಾಗ ತನಗೆ ಗೊತ್ತಿಲ್ಲ ಎಂದ ಓದಿದ ಮನುಷ್ಯನನ್ನು ಗದಿಗೆವ್ವ ಅಂದೇ ಮೊದಲು ಕಂಡಿದ್ದು. ಅದು ಒಳ್ಳೆಯ ಗುರುತೋ ಕೆಟ್ಟ ಗುರುತೋ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ತಿರುಗಿ ಜೋಪಡಿಗೆ ಬಂದ ಮೇಲೆ ಮಾಸ್ತರು ಹಾಳೆಯನ್ನು ಇಳಿಸಿ, ಚುಕ್ಕೆಯಿಲ್ಲದ ಆ ಹೆಸರನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆದರು. ಅಲ್ಲಿದ್ದ ಕರಿಯ ಚೌಕವನ್ನು ಮೊದಲಿಗಿಂತ ದಪ್ಪ ಮಾಡಿ, ಅದರ ಪಕ್ಕ ಬನ್ನಿಕಟ್ಟಿ ಬಂಡೆ ಎಂದು ಬರೆದರು. ದೂರ ಸರಿದು ಹೋಗಬೇಕಾದ ಜಾಗ ಎಂದು ಅಂಬಿಗರಿಗೆ ಗೊತ್ತಾಗುತ್ತದೆ, ನೀರಿಗಿಂತ ಮೇಲೆ ನಿಂತದ್ದು ಎಂಬುದು ನಿಮ್ಮವರಿಗೆ ಗೊತ್ತಾಗುತ್ತದೆ ಎಂದರು. ತಿಪ್ಪವ್ವನಿಗೆ ಅದೂ ಹಿಡಿಸಲಿಲ್ಲ. ಮೊದಲು ನಮ್ಮನ್ನು ನೀರು ಮಾಡಿದರು, ಈಗ ಕಲ್ಲು ಮಾಡಿದರು, ಇನ್ನೊಂದು ಸಲ ಬರೆದರೆ ಏನು ಮಾಡುತ್ತಾರೋ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಡಂಬಳದಿಂದ ಚಕ್ಕಡಿಗಳು ತಿರುಗಿ ಬಂದವು. ತಂಗಿ ಬೈದು ಕಳಿಸಿದ್ದಳು. ಹಗೇವಿನ ತಳಕ್ಕೆ ಬೆಂಕಿ ಹಾಕಿ ಒಣಗಿಸಿ, ಸುತ್ತಲೂ ಜೋಳದ ದಂಟು ಹಾಸಿ, ಗದಿಗೆವ್ವ ತಾನೇ ನಿಂತು ತುಂಬಿಸಿದಳು. ಕಡೆಯ ಚೀಲ ಸುರಿಯುವಾಗ ಅಂದಾನಪ್ಪ, ಒಂದಿಷ್ಟು ಮೇಲಿಟ್ಟುಕೊಳ್ಳೋಣವೇ ಎಂದ. ಅವಳೂ ಅದನ್ನೇ ಯೋಚಿಸುತ್ತಿದ್ದಳು. ಬೇಡ ಎಂದಳು. ಮಳೆಗಾಲದ ರೊಟ್ಟಿಗೆ ಓಣಿಯಲ್ಲಿ ಕಡ ತಂದರಾಯಿತು.

ಮಳೆ ಹಿಡಿಯಿತು. ಹೊಳೆ ಕೆಂಪಾಗಿ ಬಂತು, ಕೆಳಗೆ ಅಣೆಕಟ್ಟಿನ ನೀರು ತುಂಬಿ ಹಿಂದಕ್ಕೆ ಒತ್ತಿತು, ಹರಿವು ನಿಂತು ಹೊಳೆ ಕೆರೆಯ ಹಾಗಾಯಿತು. ಗದಿಗೆವ್ವ ಒಂದು ಕೋಲು ಹಿಡಿದು ಬಂಡೆಯ ಅಂಚಿಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡಳು. ಹೋದ ವರ್ಷದ ಗೆರೆಯನ್ನು ನೀರು ನುಂಗಿತು. ಅಂದಿನಿಂದ ದಿನವೂ ಮನೆಗೆ ಬಂದು ಹಗೇವಿನ ಚಪ್ಪಡಿಯ ಸುತ್ತ ಕೈಯಾಡಿಸಿ ಮಣ್ಣು ತಂಪಾಗಿದೆಯೇ ಎಂದು ನೋಡುವಳು; ಮಳೆ ಬಿದ್ದ ಅಂಗಳ ತಂಪಾಗಿರದೆ ಇನ್ನೇನು. ಮೂಗು ಹಚ್ಚಿ ಮೂಸುವಳು. ಒಂದು ದಿನ ಹುಳಿ ವಾಸನೆ ಬಂದಂತಾಗಿ ಸುತ್ತಲೂ ಹುಡುಕಿದಳು. ನೋಡಿದರೆ ಪಕ್ಕದ ಮನೆಯವರು ಚೆಲ್ಲಿದ ಕಲಗಚ್ಚು. ತೆಗೆದು ನೋಡುವಂತಿಲ್ಲ. ತೆಗೆದರೆ ಕರಾರೂ ಮುರಿಯಿತು, ಕಾಳೂ ಕೆಟ್ಟಿತು.

ಓಣಿಯವರು ಅವಳನ್ನು ನೋಡುತ್ತಿದ್ದರು. ಅವಳ ಮುಖ ಗೆಲುವಾಗಿ ಕಂಡ ದಿನ ಅವರೂ ಗೆಲುವಾಗುತ್ತಿದ್ದರು. ಅದು ತಿಳಿದ ಮೇಲೆ ಗದಿಗೆವ್ವ ಹೊರಗೆ ಬರುವಾಗ ಎಲೆ ಅಡಿಕೆ ಹಾಕಿಕೊಂಡು ಬಾಯಿ ಕೆಂಪು ಮಾಡಿಕೊಂಡೇ ಬರತೊಡಗಿದಳು.

ನೀರು ಬಂಡೆಯ ನಡುವಿಗೆ ಬಂದು ನಿಂತಿತು. ಕೆಲವು ದಿನ ಏರಲೂ ಇಲ್ಲ, ಇಳಿಯಲೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಹೊಸ ಹಸಿ ಗೆರೆಯೊಂದು ಕಂಡಿತು. ಅದರ ಕೆಳಗೆ ನೀರು.

ದೀಪಾವಳಿಯ ಹೊತ್ತಿಗೆ ಎರಡೂ ದಂಡೆ ಒಂದೇ ರಾಜ್ಯವಾಗಿದ್ದವು. ಶಾಲೆಯಲ್ಲಿ ಮಕ್ಕಳಿಗೆ ಬೂಂದಿ ಹಂಚಿದರು. ಸಾವಿತ್ರೆವ್ವ ಹೇಳಿದ ಹಾಗೆ ಬಂದಳು. ಈ ಸಲ ಹುಡುಗಿಯ ಸೋದರತ್ತೆಯೊಬ್ಬಳು ಜೊತೆಗಿದ್ದಳು. ಬೆಲ್ಲ ನೀರು ಆಮೇಲೆ ಎಂದು ನೇರ ಅಂಗಳಕ್ಕೆ ನಡೆದಳು. ಮೆತ್ತಿದ ಮಣ್ಣನ್ನು ಸುತ್ತು ಬಂದು ನೋಡಿ, ಎಲ್ಲಿಯೂ ಹೊಸ ಮಣ್ಣು ಹಚ್ಚಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ತೆಗೆಯಲು ಹೇಳಿದಳು. ಓಣಿಯ ಜನ ಕಟ್ಟೆ ಹಿಡಿದು ನಿಂತಿದ್ದರು. ಚಪ್ಪಡಿ ಎದ್ದಿತು. ಬಿಸಿ ಝಳ ಹೊರಗೆ ಬಂತು. ಕಂದೀಲು ಇಳಿಬಿಟ್ಟರೆ ಮೊದಲ ಸಲ ನಂದಿತು. ಎಲ್ಲರೂ ಇನ್ನಷ್ಟು ಹೊತ್ತು ಕಾದರು. ಎರಡನೆಯ ಸಲ ದೀಪ ನಿಂತಿತು. ಅಂದಾನಪ್ಪ ಇಳಿದು ಮೊದಲ ಬುಟ್ಟಿ ಮೇಲೆ ಕೊಟ್ಟ.

ಬುಟ್ಟಿಯ ಒಂದು ಮಗ್ಗುಲಿನ ಕಾಳು ಕರ್ರಗಿತ್ತು. ಗದಿಗೆವ್ವನ ಕೈ ತನ್ನಿಂತಾನೇ ಅದನ್ನು ಮುಚ್ಚಲು ಹೋಯಿತು. ಸಾವಿತ್ರೆವ್ವ ಆ ಕೈಯನ್ನು ಸರಿಸಿದಳು.

"ಇದ್ಯಾಕ ಹಿಂಗೈತಿ?"

"ಗ್ವಾಡಿಗೆ ಹತ್ತಿದ್ದು. ಪ್ರತಿ ವರ್ಷ ಅಷ್ಟ ಕರ್ರಗ ಆಗತೈತ್ರಿ."

"ಪ್ರತಿ ವರ್ಷ?"

"ನಿಮ್ಮ ಹಗೇವಿನ್ಯಾಗ ಆಗಂಗಿಲ್ಲೇನು?"

ಆಗುತ್ತದೆ ಎಂದು ಸೋದರತ್ತೆ ಹಿಂದಿನಿಂದ ಹೇಳಿದಳು. ಎರಡನೆಯ ಬುಟ್ಟಿ ಬಂತು, ಮೂರನೆಯದು ಬಂತು. ನಡುವಿನ ಕಾಳು ಹಳದಿ ಬೆಳ್ಳಗೆ, ಮುಟ್ಟಿದರೆ ಬೆಚ್ಚಗೆ ಇತ್ತು. ಸಾವಿತ್ರೆವ್ವ ಒಂದು ಕಾಳು ಹಲ್ಲಿಗೆ ಕೊಟ್ಟಳು. ಕಟಕ್ ಎಂದದ್ದು ಕಟ್ಟೆಯವರೆಗೆ ಕೇಳಿಸಿತು. ಅಷ್ಟಕ್ಕೆ ಬಿಡಲಿಲ್ಲ. ತಳದ ಕಾಳು ಬರುವವರೆಗೆ ಕುಳಿತಿದ್ದು, ಅದನ್ನೂ ಕಡಿದು ನೋಡಿದಳು. ತಳದ್ದರಲ್ಲಿ ಸ್ವಲ್ಪ ಮುಗ್ಗಲು ವಾಸನೆ ಇತ್ತು.

ಸಾವಿತ್ರೆವ್ವ ಆ ತಳದ ಕಾಳನ್ನೇ ಒಂದು ಸೇರಿನಷ್ಟು ಮೊರಕ್ಕೆ ಹಾಕಿಕೊಂಡಳು. ಬೀಸುಕಲ್ಲು ಎಲ್ಲಿದೆ ಎಂದು ಕೇಳಿದಳು.

ಪಡಸಾಲೆಯ ಮೂಲೆಯಲ್ಲಿ ಇಬ್ಬರೂ ಕಲ್ಲಿಗೆ ಎದುರುಬದುರಾಗಿ ಕುಳಿತರು. ಗೂಟವನ್ನು ಒಂದೇ ಸಲ ಹಿಡಿದರು. ಯಾರು ಮೊದಲು ಎಳೆಯಬೇಕು ಎಂದು ಒಂದು ಕ್ಷಣ ಇಬ್ಬರ ಕೈಗೂ ತಿಳಿಯಲಿಲ್ಲ. ಆಮೇಲೆ ಕಲ್ಲು ತಿರುಗಿತು. ಸಾವಿತ್ರೆವ್ವ ಒಂದು ಕೈಯಿಂದ ಕಾಳು ಹಾಕುತ್ತ, ಇನ್ನೊಂದು ಕೈ ಗೂಟದ ಮೇಲಿಟ್ಟುಕೊಂಡೇ, ಕಲ್ಲಿನ ಸುತ್ತ ಬೀಳುತ್ತಿದ್ದ ಹಿಟ್ಟಿನ ಮೇಲೆ ಕಣ್ಣಿಟ್ಟಿದ್ದಳು.

"ರೇಣುಕಿ ಹಿಟ್ಟ ಭಾಳ ಸಣ್ಣಗ ಬೀಸತಾಳ, ಹೊತ್ತ ಹಿಡಿತೈತಿ. ಮದ್ಲ ಹೇಳತೇನಿ, ಆಮ್ಯಾಲ ಅನಬ್ಯಾಡ್ರಿ."

ಗದಿಗೆವ್ವ ತಲೆಯೆತ್ತದೆ, ಬೀಸಲಿ ಎಂದಳು.